ಆಕಾಶಕ್ಕೊಬ್ಬ ನೀರುಗಂಟಿ

ಮಳೆಗಾಲದಲ್ಲಿ ಮಂಡ್ಯದ ಕಡೆ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹೋಗುವುದು ಜಲಾಶಯ ಮಟ್ಟದ ಪುಟ್ಟ ಚೌಕಕ್ಕೆ. ಕೆಆರ್‌ಎಸ್, ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಸರ್ಕಾರ ಬಿದ್ದ ಸುದ್ದಿಯಿದ್ದರೂ ಅದರ ಸರದಿ ಆಮೇಲೆ. ಅದೇ ಹೊತ್ತಿಗೆ ಕೆಳಗೆ ತಂಜಾವೂರಿನ ರೈತ ಮೆಟ್ಟೂರಿನ 120 ಅಡಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಿರುತ್ತಾನೆ. ನದಿ ಒಂದೇ, ಅಳೆಯುವ ಪಟ್ಟಿ ಎರಡು. ಮೇಲಿನವರ ಅಂಕಿಯನ್ನು ಕೆಳಗಿನವರು ನಂಬುವುದಿಲ್ಲ. ಕೆಳಗಿನವರ ಅಳಲನ್ನು ಮೇಲಿನವರು ನಂಬುವುದಿಲ್ಲ.

ಈ ಅಪನಂಬಿಕೆ ಕಾವೇರಿಯೊಂದರದ್ದಲ್ಲ. ಎರಡೋ ಮೂರೋ ಹತ್ತೋ ದೇಶಗಳು ಹಂಚಿಕೊಂಡಿರುವ ನದಿ ಕಣಿವೆಗಳೇ ಜಗತ್ತಿನಲ್ಲಿ 310 ಇವೆ. ಒಂದೇ ದೇಶದೊಳಗೆ ರಾಜ್ಯ ರಾಜ್ಯಗಳು ಕಿತ್ತಾಡುವ ನದಿಗಳು ಈ ಎಣಿಕೆಗೆ ಸೇರಿಲ್ಲ. ಎಲ್ಲ ಕಡೆಯೂ ಜಗಳ ಶುರುವಾಗುವುದು ನ್ಯಾಯದಿಂದಲ್ಲ, ಲೆಕ್ಕದಿಂದ. ನಿಮ್ಮ ಹತ್ತಿರ ನಿಜಕ್ಕೂ ಎಷ್ಟು ನೀರಿದೆ?

ಹಳೇ ಮೈಸೂರಿನ ಕೆರೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲು ಒಬ್ಬನಿದ್ದ, ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಬಹಳಷ್ಟು ಊರುಗಳಲ್ಲಿ ಅವನು ದಲಿತ ಕೇರಿಯವನು. ಸುಗ್ಗಿಯಲ್ಲಿ ಕಣದಿಂದ ಸಿಗುವ ಧಾನ್ಯವೇ ಅವನ ಕೂಲಿ. ಇಡೀ ಊರಿನ ನೀರನ್ನು ಹಂಚುವವನಿಗೆ ಮೇಲಿನ ಕೇರಿಯ ಬಾವಿ ಮುಟ್ಟುವ ಹಕ್ಕಿರಲಿಲ್ಲ ಎಂಬ ಅನ್ಯಾಯವನ್ನು ಮರೆತು ಆ ವ್ಯವಸ್ಥೆಯನ್ನು ಹೊಗಳಬಾರದು. ಆದರೂ ಅವನ ಲೆಕ್ಕಕ್ಕೆ ಬೆಲೆಯಿತ್ತು. ಏಕೆಂದರೆ ಅವನು ನೋಡಿದ್ದನ್ನು ಏರಿಯ ಮೇಲೆ ನಿಂತ ಯಾರು ಬೇಕಾದರೂ ನೋಡಬಹುದಿತ್ತು.

ದೊಡ್ಡ ನದಿಗೆ ಅಂಥ ಏರಿ ಇಲ್ಲ. ತಲಕಾವೇರಿಯಿಂದ ಕಡಲಿನವರೆಗೆ ಸುಮಾರು 800 ಕಿಲೋಮೀಟರ್ ಹರಿಯುವ ಕಾವೇರಿಯ ಕಣಿವೆಯ ವಿಸ್ತಾರ 81,155 ಚದರ ಕಿಲೋಮೀಟರ್. ಅಷ್ಟನ್ನೂ ಒಂದೇ ನೋಟಕ್ಕೆ ಕಾಣಿಸುವ ಏರಿ ಬೇಕೆಂದರೆ ಆಕಾಶಕ್ಕೇ ಹತ್ತಬೇಕು. 1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್, 1988ರಲ್ಲಿ ನಮ್ಮ ಐಆರ್‌ಎಸ್-1ಎ ಹತ್ತಿದ್ದು ಅಂಥ ಏರಿಯನ್ನೇ. ಅಲ್ಲಿಂದ ನದಿಯ ಲೆಕ್ಕ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ, ಕಂಡದ್ದನ್ನು ಒಪ್ಪಿಕೊಳ್ಳಲು ನಾವು ತಯಾರಿದ್ದೇವೆಯೇ ಎಂಬುದು ಈ ಬರಹದ ವಿಷಯ.

ಮೋಡದ ಕೆಳಗಿನ ಕಪ್ಪು ಮಚ್ಚೆ

ಮೊದಲು ನೈಲ್ ನದಿಗೆ ಹೋಗಿ ಬರೋಣ. ನೀಲಿ ನೈಲ್ ಮೇಲೆ, ಸುಡಾನ್ ಗಡಿಯ ಹತ್ತಿರ, ಇಥಿಯೋಪಿಯಾ ದೊಡ್ಡದೊಂದು ಅಣೆಕಟ್ಟು ಕಟ್ಟಿದೆ. ಅದರ ಸಾಮರ್ಥ್ಯ 7,400 ಕೋಟಿ ಘನ ಮೀಟರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸುಮಾರು 2,613 ಟಿಎಂಸಿ, ಅಂದರೆ ಹತ್ತಿರ ಹತ್ತಿರ 53 ಕೆಆರ್‌ಎಸ್. ಕೆಳಗಿರುವ ಈಜಿಪ್ಟಿಗೆ ನೈಲ್ ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ನೀರಿಲ್ಲ. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ತಮ್ಮತಮ್ಮಲ್ಲೇ ನೈಲನ್ನು ಹಂಚಿಕೊಂಡಾಗ ಮೇಲಿನ ಇಥಿಯೋಪಿಯಾವನ್ನು ಕೇಳಿಯೇ ಇರಲಿಲ್ಲ. ಹಾಗಾಗಿ ಅಣೆಕಟ್ಟನ್ನು ಯಾವಾಗ, ಎಷ್ಟು ವರ್ಷದಲ್ಲಿ ತುಂಬಿಸಬೇಕೆಂಬ ಮಾತುಕತೆ ವರ್ಷಗಟ್ಟಲೆ ಎಳೆಯಿತು.

2020ರ ಜುಲೈನಲ್ಲಿ ಮಾತುಕತೆ ಇನ್ನೂ ನಡೆಯುತ್ತಿರುವಾಗಲೇ ಉಪಗ್ರಹ ಚಿತ್ರಗಳು ಹೊರಬಿದ್ದವು. ಅಣೆಕಟ್ಟಿನ ಹಿಂದಿನ ಕಣಿವೆಯಲ್ಲಿ ಕಪ್ಪು ಮಚ್ಚೆಯೊಂದು ದಿನದಿಂದ ದಿನಕ್ಕೆ ಅಗಲವಾಗುತ್ತಿತ್ತು. ಈಜಿಪ್ಟ್ ಸ್ಪಷ್ಟನೆ ಕೇಳಿತು. ಮಳೆ ಜೋರಾಗಿದೆ, ನೀರು ತಾನಾಗಿ ನಿಂತಿದೆ ಎಂಬ ವಿವರಣೆ ಬಂತು. ಕೆಲವೇ ದಿನಗಳಲ್ಲಿ, ಮೊದಲ ವರ್ಷದ ಭರ್ತಿ ಮುಗಿಯಿತು ಎಂದು ಇಥಿಯೋಪಿಯಾವೇ ಘೋಷಿಸಿತು. ಆ ವರ್ಷ ನಿಂತ ನೀರು ಸುಮಾರು 490 ಕೋಟಿ ಘನ ಮೀಟರ್, ಅಂದರೆ 173 ಟಿಎಂಸಿ. ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ನಾವು ತಮಿಳುನಾಡಿಗೆ ಹರಿಸಬೇಕಾದ 177.25 ಟಿಎಂಸಿಯ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿದರೆ ಕೈರೋದಲ್ಲಿ ಏಕೆ ನಿದ್ದೆ ಕೆಟ್ಟಿತು ಎಂದು ಅರ್ಥವಾಗುತ್ತದೆ.

ಮಳೆಗಾಲದಲ್ಲಿ, ಮೋಡ ಕವಿದಿರುವಾಗ, ಆ ಚಿತ್ರ ತೆಗೆದದ್ದು ಹೇಗೆ? ಸಾಮಾನ್ಯ ಉಪಗ್ರಹ ಕ್ಯಾಮೆರಾ ನಮ್ಮ ಕಣ್ಣಿನಂತೆ. ಮೋಡ ಅಡ್ಡ ಬಂದರೆ ಕುರುಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನದಿಯ ಲೆಕ್ಕ ಅತಿ ಮುಖ್ಯವಾದ ತಿಂಗಳುಗಳಲ್ಲೇ, ಅದು ಕೊಡಗಿನ ಮೇಲೆ ಹಾದು ಹೋದರೆ ಕಾಣುವುದು ಬಿಳಿ ಹತ್ತಿ ಮಾತ್ರ. ಯುರೋಪಿನ ಸೆಂಟಿನೆಲ್-1ರಂಥ ರೇಡಾರ್ ಉಪಗ್ರಹ ಹಾಗಲ್ಲ. ತಾನೇ ಅಲೆಗಳನ್ನು ಓರೆಯಾಗಿ ಕೆಳಗೆ ಕಳಿಸಿ ಮರಳಿ ಬಂದದ್ದನ್ನು ಹಿಡಿಯುತ್ತದೆ. ಆ ಅಲೆಗಳಿಗೆ ಮೋಡ ಅಡ್ಡಿಯಲ್ಲ, ಕತ್ತಲೂ ಅಡ್ಡಿಯಲ್ಲ. ರಾತ್ರಿ ಕೆರೆ ದಡದಲ್ಲಿ ನಿಂತು ನೀರಿನ ಮೇಲೆ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಬೆಳಕು ನೀರಿನ ಮೇಲೆ ಜಾರಿ ಆಚೆ ದಡಕ್ಕೆ ಹೋಗುತ್ತದೆ, ನಿಮ್ಮ ಕಣ್ಣಿಗೆ ಬರುವುದಿಲ್ಲ. ಪಕ್ಕದ ಪೊದೆ ಮಾತ್ರ ಬೆಳ್ಳಗೆ ಕಾಣುತ್ತದೆ. ರೇಡಾರಿಗೂ ಅಷ್ಟೇ. ನೀರು ಕಪ್ಪು, ನೆಲ ಬಿಳುಪು.

ಮಚ್ಚೆಯ ಅಗಲ ತಿಳಿದರೆ ಸಾಲದು, ಆಳವೂ ಬೇಕು. ನೈಲ್ ವಿಷಯದಲ್ಲಿ ಇಲ್ಲೊಂದು ಅನುಕೂಲ ಒದಗಿಬಂತು. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ ನೆಲದ ಏರಿಳಿತವನ್ನೆಲ್ಲ ರೇಡಾರಿನಿಂದ ಅಳೆದಿತ್ತು. ಇಥಿಯೋಪಿಯಾದ ಅಣೆಕಟ್ಟಿನ ಕೆಲಸ ಶುರುವಾದದ್ದು 2011ರಲ್ಲಿ. ಅಂದರೆ ಪಾತ್ರೆ ಖಾಲಿಯಿದ್ದಾಗಲೇ ಅದರ ಒಳಮೈಯ ಅಳತೆ ಜಗತ್ತಿನ ಕೈಯಲ್ಲಿತ್ತು. ನೀರಿನ ಅಂಚು ಎಲ್ಲಿಗೆ ಬಂದಿದೆ ಎಂದು ಗೊತ್ತಾದರೆ ಒಳಗೆ ಎಷ್ಟಿದೆ ಎಂದು ಹೇಳಬಹುದು. ಮುಚ್ಚಿಡಲು ಏನೂ ಉಳಿದಿರಲಿಲ್ಲ.

1930ರ ದಶಕದಲ್ಲೇ ತುಂಬಿಕೊಂಡ ಕೆಆರ್‌ಎಸ್‌ಗೆ, ಮೆಟ್ಟೂರಿಗೆ ಈ ಅನುಕೂಲ ಇಲ್ಲ. ಇಲ್ಲಿ ಹಳೆಯ ಸರ್ವೆಯ ಕೋಷ್ಟಕಗಳೇ ಗತಿ: ಇಷ್ಟು ಅಡಿಗೆ ಇಷ್ಟು ಟಿಎಂಸಿ. ಅಡಿಯ ಲೆಕ್ಕ ಮೋಸ ಮಾಡುತ್ತದೆ ಎಂಬುದನ್ನೂ ನೆನಪಿಡಬೇಕು. ಜಲಾಶಯ ಕೆಳಗೆ ಕಿರಿದು, ಮೇಲೆ ಅಗಲ. 124.80 ಅಡಿಗೆ 49.45 ಟಿಎಂಸಿ ಹಿಡಿಯುವ ಕೆಆರ್‌ಎಸ್, ನೂರು ಅಡಿಗೆ ಇಳಿದಾಗ ಎತ್ತರದಲ್ಲಿ ಕಳೆದುಕೊಂಡದ್ದು ಐದನೇ ಒಂದು ಭಾಗ. ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು. ಮೇಲಿನ ಒಂದು ಅಡಿಯೂ ಕೆಳಗಿನ ಒಂದು ಅಡಿಯೂ ಒಂದೇ ಅಲ್ಲ.

ಕೋಷ್ಟಕ ಹಳತಾದಷ್ಟೂ ಅದರೊಳಗೆ ಹೂಳು ಸೇರಿಕೊಳ್ಳುತ್ತದೆ. ತುಂಗಭದ್ರಾ ಜಲಾಶಯ 1953ರಲ್ಲಿ ನೀರು ಹಿಡಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗಿನ ಲೆಕ್ಕದಲ್ಲಿ 105.79. ಮೂರು ರಾಜ್ಯಗಳು ಪಾಲು ಹೊಂದಿರುವ ಆ ಜಲಾಶಯದಲ್ಲಿ 27 ಟಿಎಂಸಿಯಷ್ಟು ಜಾಗವನ್ನು ಮಣ್ಣು ತಿಂದಿದೆ. ಕಬಿನಿ ಜಲಾಶಯ ಪೂರ್ತಿ ತುಂಬಿದರೂ ಹಿಡಿಯುವುದು 19.52 ಟಿಎಂಸಿ ಮಾತ್ರ ಎಂದರೆ ನಷ್ಟದ ಗಾತ್ರ ತಿಳಿದೀತು. ಹೂಳನ್ನು ದೋಣಿಯಲ್ಲಿ ಹೋಗಿ ಅಳೆಯುವುದು ದುಬಾರಿ, ನಿಧಾನ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಬಳಸುವ ಉಪಾಯ ಸರಳವಾದದ್ದು. ಜಲಾಶಯ ತುಂಬಿದಾಗಿನಿಂದ ಬೇಸಿಗೆಯಲ್ಲಿ ಬತ್ತುವವರೆಗೆ ಬೇರೆ ಬೇರೆ ಮಟ್ಟದಲ್ಲಿ ಉಪಗ್ರಹದಿಂದ ನೀರಿನ ಹರವನ್ನು ಅಳೆಯುತ್ತಾರೆ. ಅದೇ ಮಟ್ಟದಲ್ಲಿ ಮೊದಲಿದ್ದ ಹರವಿಗಿಂತ ಈಗಿನದು ಎಷ್ಟು ಕುಗ್ಗಿದೆಯೋ ಅಷ್ಟು ಜಾಗವನ್ನು ಹೂಳು ಹಿಡಿದಿದೆ ಎಂದರ್ಥ.

ಹೂಜಿಯ ಬೆವರು

ಅಣೆಕಟ್ಟಿನಲ್ಲಿ ನಿಂತ ನೀರು ಲೆಕ್ಕದ ಒಂದು ತುದಿ. ಅದನ್ನು ಹೇಗೋ ಅಳೆಯಬಹುದು, ನೆಲದ ಮೇಲಿನ ಎಂಜಿನಿಯರುಗಳು ದಿನವೂ ಅಳೆಯುತ್ತಿದ್ದಾರೆ. ಯಾರೂ ಅಳೆಯದ ತುದಿ ಇನ್ನೊಂದಿದೆ.

ನಾಲೆಗೆ ಬಿಟ್ಟ ನೀರೆಲ್ಲ ಖರ್ಚಾಗುವುದಿಲ್ಲ ಎಂಬುದು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಪ್ರತಿ ರೈತನಿಗೂ ಗೊತ್ತು. ಗದ್ದೆಯಿಂದ ಗದ್ದೆಗೆ ಇಳಿದು, ಬಸಿದು, ಬಸಿಗಾಲುವೆ ಸೇರಿ, ಹಳ್ಳ ಸೇರಿ ಒಂದು ಪಾಲು ಮತ್ತೆ ನದಿಗೇ ಬರುತ್ತದೆ. ಇನ್ನೊಂದು ಪಾಲು ನೆಲಕ್ಕಿಳಿದು ಬೋರ್‌ವೆಲ್‌ನಲ್ಲಿ ಮೇಲೆ ಬರುತ್ತದೆ. ಕಣಿವೆಯನ್ನು ಬಿಟ್ಟು ನಿಜವಾಗಿ ಹೋಗಿಬಿಡುವುದು ಕಡಲು ಸೇರಿದ ನೀರು ಮತ್ತು ಗಾಳಿಗೆ ಹಾರಿದ ನೀರು: ಬೆಳೆ ಕುಡಿದು ಎಲೆಯಿಂದ ಬೆವರಿದ್ದು, ಮಣ್ಣಿನಿಂದ, ಕೆರೆಯ ಮೈಯಿಂದ ಆವಿಯಾದದ್ದು. ನದಿ ಹಂಚಿಕೆಯ ಲೆಕ್ಕದಲ್ಲಿ ಅಸಲಿ ಖರ್ಚು ಇದೇ. ಆದರೆ ಆವಿಗೆ ಮೀಟರ್ ಇಲ್ಲ. ನ್ಯಾಯಮಂಡಳಿಗಳು ಬೆಳೆಗೆ ಇಷ್ಟು, ಎಕರೆಗೆ ಇಷ್ಟು ಎಂದು ಅಂದಾಜು ಹಿಡಿದು ಮುಂದೆ ಹೋದವು.

ಉಪಗ್ರಹ ಈ ಆವಿಯನ್ನು ಹಿಡಿಯುವ ಬಗೆಯ ಮೂಲ ನಮ್ಮ ಅಡುಗೆಮನೆಯ ಮೂಲೆಯಲ್ಲೇ ಇದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೇಕೆ? ಹೂಜಿ ಬೆವರುತ್ತದೆ, ಆ ಬೆವರು ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಹೂಜಿಯಿಂದಲೇ ಎಳೆದುಕೊಳ್ಳುತ್ತದೆ. ಗದ್ದೆಯೂ ಹಾಗೇ. ಒಂದೇ ಬಿಸಿಲಿನಲ್ಲಿ ಅಕ್ಕಪಕ್ಕದ ಎರಡು ಹೊಲಗಳನ್ನು ಮೇಲಿನಿಂದ ಶಾಖದ ಕ್ಯಾಮೆರಾದಲ್ಲಿ ನೋಡಿದರೆ ನೀರುಂಡ ಬೆಳೆಯ ಹೊಲ ತಂಪಾಗಿ, ಒಣಗಿದ ಹೊಲ ಬಿಸಿಯಾಗಿ ಕಾಣುತ್ತದೆ. ಸೂರ್ಯನಿಂದ ಬಂದ ಶಾಖ ಎಷ್ಟು, ನೆಲಕ್ಕಿಳಿದದ್ದು ಎಷ್ಟು, ಗಾಳಿಯನ್ನು ಬಿಸಿ ಮಾಡಿದ್ದು ಎಷ್ಟು ಎಂದು ಕಳೆದರೆ ಉಳಿಯುವುದು ನೀರನ್ನು ಆವಿ ಮಾಡಲು ಹೋದ ಪಾಲು. ಅದರಿಂದ ಎಷ್ಟು ಲೀಟರ್ ಎಂದು ತೆಗೆಯಬಹುದು. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ವಿಮ್ ಬಾಸ್ತಿಯಾನ್ಸೆನ್ ಈ ಕಳೆಯುವ ಲೆಕ್ಕವನ್ನು ಸೆಬಾಲ್ ಎಂಬ ಹೆಸರಿನಲ್ಲಿ ರೂಪಿಸಿದರು. ಅಮೆರಿಕದ ಐಡಹೊ ವಿಶ್ವವಿದ್ಯಾಲಯದ ರಿಚರ್ಡ್ ಆಲೆನ್ ಮತ್ತು ಸಂಗಡಿಗರು ಅದನ್ನು ಮುಂದುವರಿಸಿ ನೀರಿನ ಹಕ್ಕಿನ ತಕರಾರುಗಳಲ್ಲಿ ಬಳಕೆಗೆ ತಂದರು. ಆ ಸೀಮೆಯ ನೀರಾವರಿಯವರಿಗೆ ಅದು ಎಷ್ಟು ಬೇಕಾಯಿತೆಂದರೆ, ಲ್ಯಾಂಡ್‌ಸ್ಯಾಟ್-8ರ ಯೋಜನೆಯಲ್ಲಿ ಮೊದಲು ಇಲ್ಲದಿದ್ದ ಶಾಖದ ಕ್ಯಾಮೆರಾವನ್ನು ಪಶ್ಚಿಮದ ರಾಜ್ಯಗಳ ಒತ್ತಾಯದ ಮೇಲೆ ಸೇರಿಸಬೇಕಾಯಿತು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾಕ್ಕೆ ಇಂಥ ಆವಿಯ ಲೆಕ್ಕವನ್ನು ವಾಪೋರ್ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿತು.

ಇದು ನಮಗೇಕೆ ಬೇಕು? ಒಂದು ಚಿಕ್ಕ ಗುಣಾಕಾರ ಮಾಡೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಸುಮಾರು 4,047 ಲೀಟರ್. ಭತ್ತದ ಗದ್ದೆ ದಿನಕ್ಕೆ 5 ಮಿಲಿಮೀಟರ್ ಆವಿ ಮಾಡುತ್ತದೆ ಎಂದು ಇಟ್ಟುಕೊಂಡರೆ ಒಂದು ಲಕ್ಷ ಎಕರೆಗೆ ದಿನಕ್ಕೆ 202 ಕೋಟಿ ಲೀಟರ್. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಅಲ್ಲಿಗೆ ಒಂದು ಲಕ್ಷ ಎಕರೆ ಭತ್ತ ಎರಡು ವಾರಕ್ಕೆ ಒಂದು ಟಿಎಂಸಿಯನ್ನು ಗಾಳಿಗೆ ಕೊಡುತ್ತದೆ. ಕಾವೇರಿ ನ್ಯಾಯಮಂಡಳಿ ತನ್ನ ತೀರ್ಪಿನಲ್ಲಿ ಕರ್ನಾಟಕಕ್ಕೆ 18.85 ಲಕ್ಷ ಎಕರೆ, ತಮಿಳುನಾಡಿಗೆ 24.71 ಲಕ್ಷ ಎಕರೆ ಎಂದು ಲೆಕ್ಕ ಹಿಡಿದಿತ್ತು. ಅಷ್ಟು ಎಕರೆಯಲ್ಲಿ ಭತ್ತ ಎಷ್ಟು, ಕಬ್ಬು ಎಷ್ಟು, ರಾಗಿ ಎಷ್ಟು ಎಂಬುದರ ಮೇಲೆ ಇಡೀ ನದಿಯ ಲೆಕ್ಕ ತಿರುಗುತ್ತದೆ.

ಬೆಳೆ ಯಾವುದೆಂದು ಗುರುತಿಸುವುದೂ ಮೇಲಿನಿಂದ ಕಷ್ಟವಲ್ಲ. ಹಸಿರೆಲೆ ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸು ಎಸೆಯುತ್ತದೆ. ಎರಡರ ನಡುವಿನ ಅಂತರ ಬೆಳೆಯ ಸೊಂಪನ್ನು ಹೇಳುತ್ತದೆ. ನಾಟಿಯ ಹೊತ್ತಿಗೆ ಭತ್ತದ ಗದ್ದೆ ನೀರು ನಿಂತು ರೇಡಾರಿಗೆ ಕಪ್ಪಾಗಿ ಕಂಡು, ಪೈರು ಎದ್ದಂತೆ ಬೆಳ್ಳಗಾಗುತ್ತದೆ. ಕಬ್ಬು ಬೇಸಿಗೆಯಲ್ಲೂ ಹಸಿರಾಗಿ ಉಳಿದು ತನ್ನನ್ನು ತಾನೇ ತೋರಿಸಿಕೊಡುತ್ತದೆ. ಪಹಣಿಯಲ್ಲಿ ಏನು ಬರೆದಿದ್ದರೂ ಹೊಲ ಸುಳ್ಳು ಹೇಳುವುದಿಲ್ಲ.

ನೆಲದಡಿಯ ತೂಕ

ಇನ್ನು ಕಣ್ಣಿಗೆ ಕಾಣದ ನೀರು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಲ್ಲಿ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಹೆಚ್ಚಿದ 14.75ರಲ್ಲಿ 4.75 ಬೆಂಗಳೂರಿನ ಬಾಯಾರಿಕೆಗೆ. ಉಳಿದ 10 ಬಂದದ್ದು ಎಲ್ಲಿಂದ? ತಮಿಳುನಾಡಿನ ಮುಖಜ ಭೂಮಿಯಡಿ ಅಂತರ್ಜಲವಿದೆ, ಅದರಲ್ಲಿ 10 ಟಿಎಂಸಿಯನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ವಾದದಿಂದ. ಅಂದರೆ ನದಿಯ ಜಗಳ ನೆಲದಡಿಗೂ ಇಳಿದಿದೆ.

ಅಂತರ್ಜಲವನ್ನು ಆಕಾಶದಿಂದ ನೋಡಲಾಗದು, ತೂಗಬಹುದು. 2002ರ ಮಾರ್ಚ್ 17ರಂದು ಅಮೆರಿಕ ಮತ್ತು ಜರ್ಮನಿ ಸೇರಿ ಗ್ರೇಸ್ ಎಂಬ ಜೋಡಿ ಉಪಗ್ರಹಗಳನ್ನು ಹಾರಿಸಿದವು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್ ಬಿಟ್ಟು ಓಡುವ ಜೋಡೆತ್ತುಗಳು. ಕೆಳಗೆ ಭಾರ ಹೆಚ್ಚಿರುವ ಜಾಗ ಬಂದರೆ ಮುಂದಿನದನ್ನು ಆ ಭಾರ ತುಸು ಮೊದಲು ಸೆಳೆಯುತ್ತದೆ, ಅಂತರ ಹೆಚ್ಚುತ್ತದೆ. ಆಮೇಲೆ ಹಿಂದಿನದನ್ನು ಸೆಳೆದಾಗ ಅಂತರ ಕೂಡಿಕೊಳ್ಳುತ್ತದೆ. ಕೂದಲೆಳೆಗಿಂತ ಎಷ್ಟೋ ಸಣ್ಣದಾದ ಈ ಹೆಚ್ಚುಕಡಿಮೆಯನ್ನು ಅವು ಅಳೆಯುತ್ತವೆ. ತಿಂಗಳಿಂದ ತಿಂಗಳಿಗೆ ಒಂದು ಪ್ರದೇಶದ ತೂಕ ಇಳಿಯಿತೆಂದರೆ ಬೆಟ್ಟ ಕರಗಿರುವುದಿಲ್ಲ, ನೀರು ಹೋಗಿರುತ್ತದೆ. ಮೇಲಿನ ನೀರು, ಮಣ್ಣಿನ ತೇವ ಕಳೆದರೆ ಉಳಿಯುವುದು ಅಂತರ್ಜಲ.

ಈ ತಕ್ಕಡಿ ನಮ್ಮ ದೇಶಕ್ಕೂ ಕನ್ನಡಿ ಹಿಡಿಯಿತು. ರಾಜಸ್ಥಾನ, ಪಂಜಾಬ್, ಹರಿಯಾಣಗಳ ನೆಲ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡಿತೆಂದು ಮ್ಯಾಟ್ ರೊಡೆಲ್ ಮತ್ತು ಜೊತೆಗಾರರು 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಅದು ಸುಮಾರು 3,850 ಟಿಎಂಸಿ. ಕಾವೇರಿಯ ವರ್ಷದ ಇಳುವರಿ ಎಂದು ನ್ಯಾಯಮಂಡಳಿ ಹಿಡಿದ 740ರ ಲೆಕ್ಕದಲ್ಲಿ ಐದು ವರ್ಷಕ್ಕೂ ಮಿಕ್ಕಿದ ನದಿ. ಟರ್ಕಿ, ಸಿರಿಯಾ, ಇರಾಕ್, ಇರಾನ್‌ಗಳಿಗೆ ಸೇರಿದ ಟೈಗ್ರಿಸ್-ಯೂಫ್ರೆಟಿಸ್ ಸೀಮೆಯಲ್ಲಿ ಇದೇ ತಕ್ಕಡಿ 2003ರಿಂದ 2009ರ ನಡುವೆ 144 ಘನ ಕಿಲೋಮೀಟರ್ ನಷ್ಟ ತೋರಿಸಿತು. ಅದರಲ್ಲಿ ಹೆಚ್ಚುಕಡಿಮೆ ಶೇ 60ರಷ್ಟು ಅಂತರ್ಜಲ. ಒಬ್ಬರ ಅಂಕಿ ಇನ್ನೊಬ್ಬರಿಗೆ ಸಿಗದ ಆ ಸೀಮೆಯಲ್ಲಿ ಎಲ್ಲರ ನೀರನ್ನೂ ಒಟ್ಟಿಗೆ ತೂಗಿದ್ದು ಯಾರ ಪಾಸ್‌ಪೋರ್ಟೂ ಇಲ್ಲದ ಈ ಜೋಡಿ. 2018ರಿಂದ ಇದರ ಮುಂದಿನ ಜೋಡಿ ಕೆಲಸ ಮಾಡುತ್ತಿದೆ.

ಮೇಕೆ ದಾಟುವಷ್ಟು ಕುರುಡು

ಇಷ್ಟು ಓದಿದವರಿಗೆ, ಹಾಗಾದರೆ ಉಪಗ್ರಹವನ್ನೇ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿಬಿಡಿ ಎನ್ನಿಸಬಹುದು. ಅದರ ಕುರುಡನ್ನೂ ಹೇಳಬೇಕು.

ಗ್ರೇಸ್‌ನ ತಕ್ಕಡಿ ರೈಲ್ವೆ ವ್ಯಾಗನ್ ತೂಗುವಂಥದ್ದು. ಅದರಲ್ಲಿ ತೊಲ ಬಂಗಾರ ತೂಗಲಾಗದು. ಲಕ್ಷಗಟ್ಟಲೆ ಚದರ ಕಿಲೋಮೀಟರಿನ ಪ್ರದೇಶಕ್ಕೆ ಮಾತ್ರ ಅದರ ಮಾತು ಗಟ್ಟಿ. 2.59 ಲಕ್ಷ ಚದರ ಕಿಲೋಮೀಟರಿನ ಕೃಷ್ಣಾ ಕಣಿವೆಗೆ ಸರಿ ಹೋದೀತು. ಕಾವೇರಿ ಅದಕ್ಕೆ ಚಿಕ್ಕದು. ಮುಖಜ ಭೂಮಿಯ ಆ 10 ಟಿಎಂಸಿಯನ್ನು ತೂಗಿಕೊಡು ಎಂದರೆ ಅದರ ಮುಳ್ಳು ಅಲುಗುವುದಿಲ್ಲ.

ಮಳೆಯನ್ನು ನೋಡಲು 2014ರಿಂದ ಜಿಪಿಎಂ ಎಂಬ ಉಪಗ್ರಹ ಮಾಲೆ ಇದೆ; ಅರ್ಧ ಗಂಟೆಗೊಮ್ಮೆ ಜಗತ್ತಿನ ಮಳೆಯ ನಕ್ಷೆ ಕೊಡುತ್ತದೆ. ಬಯಲುಸೀಮೆಯ ಗುಡುಗು ಮಳೆಯನ್ನು ಚೆನ್ನಾಗಿ ಹಿಡಿಯುತ್ತದೆ. ಪಶ್ಚಿಮ ಘಟ್ಟದಲ್ಲಿ ತಡವರಿಸುತ್ತದೆ. ನೆಲದ ಮೇಲಿನ ಮಳೆಯನ್ನು ಅದು ಬಹುಮಟ್ಟಿಗೆ ಊಹಿಸುವುದು ಎತ್ತರದ ಮೋಡಗಳೊಳಗಿನ ಹಿಮದ ಹರಳುಗಳಿಂದ. ಕಡಲಿಂದ ಬಂದು ಘಟ್ಟಕ್ಕೆ ಒರಗಿ ದಿನಗಟ್ಟಲೆ ಸುರಿಸುವ ನಮ್ಮ ಮುಂಗಾರಿನ ಗಿಡ್ಡ ಮೋಡಗಳಲ್ಲಿ ಹಿಮ ಕಡಿಮೆ, ನೀರು ಹೆಚ್ಚು. ಹಾಗಾಗಿ ಭಾಗಮಂಡಲ ಮುಳುಗಿದ ದಿನವೂ ಉಪಗ್ರಹ ಸಾಧಾರಣ ಮಳೆ ಎಂದೀತು. ಕಾವೇರಿ ಹುಟ್ಟುವುದೇ ಅಂಥ ಮಳೆಯಲ್ಲಿ. ಅಲ್ಲಿ ನೆಲದ ಮೇಲೆ ನೆಟ್ಟ ಮಳೆಮಾಪಕವೇ ಗುರು.

ಹರಿವಿನದು ಇನ್ನೊಂದು ಕಥೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಹಾರಿಸಿದ ಸ್ವಾಟ್ ಉಪಗ್ರಹ ನದಿಯ ಅಗಲ, ಎತ್ತರ, ಇಳಿಜಾರು ಮೂರನ್ನೂ ಒಟ್ಟಿಗೆ ಅಳೆಯುತ್ತದೆ. ಅದರಿಂದ ಹರಿವನ್ನು ಅಂದಾಜು ಮಾಡಬಹುದು. ಆದರೆ ಅದರ ಕಣ್ಣಿಗೆ ಬೀಳಲು ನದಿ ನೂರು ಮೀಟರಾದರೂ ಅಗಲ ಇರಬೇಕು, ಮತ್ತೆ ಅದೇ ಜಾಡಿಗೆ ಅದು ಬರುವುದು 21 ದಿನಕ್ಕೊಮ್ಮೆ. ನಮ್ಮ ಜಗಳದ ನದಿ ಬಿಳಿಗುಂಡ್ಲುವಿಗೆ ಇಳಿಯುವ ಮೊದಲು ಹಾಯುವುದು ಮೇಕೆ ದಾಟಿತೆಂಬ ಕಥೆಯ ಬಂಡೆಗಳ ಸಂದಿಯಲ್ಲಿ! ಅಲ್ಲಿಂದ ಕೆಳಗೆ ಗಡಿಯಲ್ಲಿ ಎಷ್ಟು ಕ್ಯೂಸೆಕ್ ಹೋಯಿತೆಂದು ಹೇಳಲು ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೇ ಬೇಕು. ಇಂದು ರಾತ್ರಿ ಗೇಟು ಎತ್ತಿ ನಾಳೆ ಇಳಿಸಿದರೆ ಉಪಗ್ರಹಕ್ಕೆ ತಿಳಿಯದು. ಪೈಪಿನೊಳಗೆ ಬೆಂಗಳೂರಿಗೆ ಹತ್ತುವ ನೀರೂ ಅದಕ್ಕೆ ಕಾಣದು.

ಎಲ್ಲಕ್ಕಿಂತ ಮುಖ್ಯವಾದದ್ದು ತಪ್ಪಿನ ಅಂಚು. ಆವಿಯ ಲೆಕ್ಕದಲ್ಲಿ ಶೇ 10ರಷ್ಟು ಆಚೀಚೆ ಆಗುವುದು ಸಹಜ. ಕರ್ನಾಟಕದ ಪಾಲಿನ 284.75 ಟಿಎಂಸಿಯಲ್ಲಿ ಶೇ 10 ಎಂದರೆ 28 ಟಿಎಂಸಿ. ಸುಪ್ರೀಂ ಕೋರ್ಟ್ ನಮಗೆ ಹೆಚ್ಚಿಸಿ ಕೊಟ್ಟದ್ದರ ಸುಮಾರು ಎರಡರಷ್ಟು. ನ್ಯಾಯಾಲಯ ದಶಾಂಶದ ಎರಡು ಸ್ಥಾನದವರೆಗೆ ಹಂಚಿದ ನೀರನ್ನು ಉಪಗ್ರಹ ಆ ಸೂಕ್ಷ್ಮದಲ್ಲಿ ಅಳೆಯಲಾರದು. ಒಂದೇ ಕಣ್ಣಿನಿಂದ ಎರಡೂ ದಡವನ್ನು ನೋಡುತ್ತದೆ ಎಂಬುದೇ ಅದರ ದೊಡ್ಡ ಗುಣ. ಸೊಟ್ಟ ತಕ್ಕಡಿಯಾದರೂ ಇಬ್ಬರಿಗೂ ಅದೇ ತಕ್ಕಡಿಯಾದರೆ ಯಾರದು ಹೆಚ್ಚು, ಯಾರದು ಕಡಿಮೆ, ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಎಂಬುದಂತೂ ತಿಳಿಯುತ್ತದೆ.

ನಮ್ಮ ಮೇಲೂ ಸಾಕ್ಷಿ

ಅಂಥ ಸಾಕ್ಷಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಮೆಕಾಂಗ್ ನದಿಯಲ್ಲಿ ಒಂದು ನಿದರ್ಶನ ಇದೆ. 2019ರಲ್ಲಿ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂಗಳಲ್ಲಿ ಮೆಕಾಂಗ್ ಎಂದೂ ಕಾಣದಷ್ಟು ಬತ್ತಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ತಂಡ ಉಪಗ್ರಹದ ಮೈಕ್ರೊವೇವ್ ಅಳತೆಯಿಂದ ಚೀನಾದ ಮೇಲ್ಭಾಗದಲ್ಲಿ ನೆಲ ಎಷ್ಟು ತೇವವಾಗಿತ್ತೆಂದು ತೆಗೆದು, ಥಾಯ್ಲೆಂಡಿನ ಚಿಯಾಂಗ್ ಸೇನ್ ಮಾಪನ ಕೇಂದ್ರದ ನೀರಿನ ಮಟ್ಟದ ಜೊತೆ ಇಟ್ಟು ತೋರಿಸಿತು. ಮೇಲೆ ನೀರಿತ್ತು, ಕೆಳಗೆ ಬರಲಿಲ್ಲ, ನಡುವೆ ಚೀನಾದ ಅಣೆಕಟ್ಟುಗಳಿವೆ ಎಂಬುದು ಅದರ ವಾದ. ಚೀನಾ ಒಪ್ಪಲಿಲ್ಲ, ನಮ್ಮಲ್ಲೂ ಬರವಿತ್ತು ಎಂದಿತು. ಮೆಕಾಂಗ್ ನದಿ ಆಯೋಗವೂ ಇನ್ನಷ್ಟು ಪುರಾವೆ ಬೇಕೆಂದಿತು. ವಾದ ಇತ್ಯರ್ಥವಾಗಲಿಲ್ಲ. ಆದರೆ ಅಲ್ಲಿಯವರೆಗೆ ಪ್ರವಾಹದ ತಿಂಗಳುಗಳ ಅಂಕಿಯನ್ನಷ್ಟೇ ಕೊಡುತ್ತಿದ್ದ ಚೀನಾ ಅದೇ ವರ್ಷ, ವರ್ಷವಿಡೀ ಅಂಕಿ ಕೊಡಲು ಒಪ್ಪಿತು. ಹೇಗೂ ಕಾಣುತ್ತದೆ ಎಂದಾದ ಮೇಲೆ ಮುಚ್ಚಿಡುವುದರಲ್ಲಿ ಲಾಭ ಕಡಿಮೆ.

ಕಾವೇರಿಯಲ್ಲಿ ಮಳೆ ಚೆನ್ನಾದ ವರ್ಷ ಯಾರಿಗೂ ಲೆಕ್ಕ ಬೇಡ. ಹೆಚ್ಚಾದದ್ದು ಹರಿದು ಹೋಗುತ್ತದೆ. ಲೆಕ್ಕ ಬೇಕಾಗುವುದು 2023ರಂಥ ವರ್ಷದಲ್ಲಿ. ತೀರ್ಪಿನ ತಿಂಗಳ ಪಟ್ಟಿಯಲ್ಲಿ ಆಗಸ್ಟ್‌ಗೆ 45.95 ಟಿಎಂಸಿ, ಸೆಪ್ಟೆಂಬರ್‌ಗೆ 36.76 ಎಂದಿದೆ. ಆದರೆ ಆ ವರ್ಷ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ದಿನಕ್ಕೆ 5,000 ಕ್ಯೂಸೆಕ್‌ನಂತೆ ಹದಿನೈದು ದಿನ ಬಿಡಿ ಎಂಬ ಆದೇಶ ಬಂತು. ಲೆಕ್ಕ ಹಾಕಿದರೆ ಅದು ಆರೂವರೆ ಟಿಎಂಸಿ. ಅದಕ್ಕಾಗಿ ಸೆಪ್ಟೆಂಬರ್ 26ರಂದು ಬೆಂಗಳೂರು, 29ರಂದು ಕರ್ನಾಟಕ ಬಂದ್ ಆದವು. ಮಳೆ ಕಡಿಮೆಯಾದ ವರ್ಷ ನೀರು ಹಂಚಲು ಸಂಕಷ್ಟ ಸೂತ್ರ ಬೇಕೆಂದು ಎಲ್ಲರೂ ಕೂಗಿದರು. ಆಗ ಮೇಜಿನ ಮೇಲೆ ಇದ್ದದ್ದು ಮುಖ್ಯವಾಗಿ ನಮ್ಮ ನಾಲ್ಕು ಜಲಾಶಯಗಳ ಒಳಹರಿವಿನ ಕೊರತೆ. ಎರಡೂ ಕಡೆ ಎಷ್ಟು ಎಕರೆಯಲ್ಲಿ ಯಾವ ಬೆಳೆ ನಿಂತಿದೆ, ಅದಕ್ಕೆ ಇನ್ನೆಷ್ಟು ನೀರು ಬೇಕು, ಮಣ್ಣಿನಲ್ಲಿ ಎಷ್ಟು ತೇವ ಉಳಿದಿದೆ ಎಂಬುದು ಒಂದೇ ನಕ್ಷೆಯಲ್ಲಿ, ಒಂದೇ ಅಳತೆಯಲ್ಲಿ ಇಬ್ಬರ ಮುಂದೆಯೂ ಹರಡಿದ್ದರೆ ಮಾತಿನ ದಾಟಿ ಬೇರೆಯಾಗುತ್ತಿತ್ತು.

ಅದನ್ನು ಹರಡಲು ಬೇಕಾದ ಸಾಧನಗಳಿಗೆ ಕೊರತೆ ಇಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ಇಸ್ರೊ-ನಾಸಾದ ನಿಸಾರ್, ಹನ್ನೆರಡು ದಿನಕ್ಕೊಮ್ಮೆ ಅದೇ ಜಾಡಿನಲ್ಲಿ ಬಂದು ಮಣ್ಣಿನ ತೇವವನ್ನೂ ಬೆಳೆಯನ್ನೂ ನೆಲದ ಕುಸಿತವನ್ನೂ ನೋಡಬಲ್ಲದು. ಅದರ ಜೋಡಣೆಯಾದದ್ದು ಕಾವೇರಿ ಕುಡಿಯುವ ಬೆಂಗಳೂರಿನಲ್ಲೇ. ಬೇಕಾದದ್ದು ಬೇರೆ: ಕಂಡದ್ದನ್ನು ಒಪ್ಪಿಕೊಳ್ಳುವ ಮನಸ್ಸು. ಆ ಸಾಕ್ಷಿ ಕಟಕಟೆ ಹತ್ತಿದರೆ ತಮಿಳುನಾಡಿನ ಮುಖಜ ಭೂಮಿಯ ಬೋರ್‌ವೆಲ್‌ಗಳ ಬಗ್ಗೆ ಮಾತ್ರ ಮಾತಾಡಿ ಕೆಳಗಿಳಿಯುವುದಿಲ್ಲ. ನಮ್ಮ ಕಬ್ಬಿನ ಗದ್ದೆಗಳ ಬಗ್ಗೆ, ತೀರ್ಪಿನ ಲೆಕ್ಕ ಮೀರಿ ಹಸಿರಾದ ಎಕರೆಗಳಿದ್ದರೆ ಅವುಗಳ ಬಗ್ಗೆ, ನಾಲೆಯ ಕೊನೆಯ ಊರಿಗೆ ತಲುಪದೆ ಮೊದಲ ಊರಿನಲ್ಲೇ ನಿಂತ ನೀರಿನ ಬಗ್ಗೆಯೂ ಹೇಳುತ್ತದೆ. ನಮ್ಮ ಪರವಾಗಿ ಮಾತ್ರ ಸಾಕ್ಷಿ ಹೇಳಬೇಕು ಎನ್ನುವುದಾದರೆ ಉಪಗ್ರಹ ಬೇಡ, ವಕೀಲರು ಸಾಕು.

ನೀರುಗಂಟಿಯ ಕಾಲದ ಇನ್ನೊಂದು ರೂಢಿಯನ್ನು ಇಲ್ಲಿ ನೆನೆಯಬೇಕು. ಕೆರೆ ಅರ್ಧಕ್ಕೆ ನಿಂತ ವರ್ಷ ಊರಿನವರು ಏರಿಯ ಮೇಲೆ ಸೇರುತ್ತಿದ್ದರು. ತೂಬಿನ ಬಳಿ ನೀರು ಎಲ್ಲಿಯವರೆಗಿದೆ ಎಂದು ಎಲ್ಲರೂ ನೋಡಿದ ಮೇಲೆ, ಅಚ್ಚುಕಟ್ಟಿನಲ್ಲಿ ಎಷ್ಟಕ್ಕೆ ಭತ್ತ, ಎಷ್ಟಕ್ಕೆ ರಾಗಿ, ಎಷ್ಟು ಬೀಳು ಎಂದು ತೀರ್ಮಾನವಾಗುತ್ತಿತ್ತು. ಜಗಳ ಆಗುತ್ತಿರಲಿಲ್ಲ ಎಂದಲ್ಲ. ಆದರೆ ಅದು ಒಟ್ಲು ಹಾಕುವ ಮೊದಲೇ ಆಗಿ ಮುಗಿಯುತ್ತಿತ್ತು. ನಾವು ಕಾವೇರಿಯ ಜಗಳ ಆಡುವುದು ಸೆಪ್ಟೆಂಬರಿನಲ್ಲಿ, ಎರಡೂ ಕಡೆ ಪೈರು ಮೊಣಕಾಲೆತ್ತರ ನಿಂತು ಒಣಗುತ್ತಿರುವಾಗ. ಆ ಹೊತ್ತಿಗೆ ಯಾವ ಲೆಕ್ಕವೂ ಯಾರಿಗೂ ನ್ಯಾಯವಾಗಿ ಕಾಣುವುದಿಲ್ಲ.

ಆಕಾಶದ ಏರಿಯ ಮೇಲಿಂದ ಜುಲೈನಲ್ಲೇ ಬಹಳಷ್ಟು ಕಾಣುತ್ತದೆ. ಏರಿಯ ಮೇಲೆ ಇಬ್ಬರೂ ಒಟ್ಟಿಗೆ ನಿಂತು ನೋಡಬೇಕು, ಅಷ್ಟೇ.